ವಿನ್ಯಾಸ ಸಾಮಗ್ರಿಗೆ ವರ್ಷದ ಚಂದಾ ಕಟ್ಟುವುದೋ, ಬೇಕಾದಷ್ಟನ್ನೇ ಬಿಡಿಯಾಗಿ ಕೊಳ್ಳುವುದೋ?

ಅಚ್ಚಿನಮನೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಾವಿಬ್ಬರು ಸೇರಿ ಸಣ್ಣದೊಂದು ವಿನ್ಯಾಸದ ಅಂಗಡಿ ನಡೆಸುತ್ತಿದ್ದೇವೆ. ಲಗ್ನಪತ್ರಿಕೆ, ಶಾಲೆಗಳ ಪ್ರವೇಶದ ಕರಪತ್ರ, ಪತ್ತಿನ ಸಹಕಾರ ಸಂಘಗಳ ವಾರ್ಷಿಕ ವರದಿ, ಬಟ್ಟೆ ಅಂಗಡಿಗಳ ಹಬ್ಬದ ಜಾಹೀರಾತು, ಈಚೆಗೆ ಒಂದೆರಡು ಮಸಾಲೆ ಪುಡಿ ತಯಾರಕರ ಪೊಟ್ಟಣದ ವಿನ್ಯಾಸ, ಹೀಗೆ ನಮ್ಮ ಕೆಲಸ ಹರಡಿಕೊಂಡಿದೆ. ಮುದ್ರಣವನ್ನು ಹೆಚ್ಚಾಗಿ ಗದಗಿನಲ್ಲೇ ಮಾಡಿಸುತ್ತೇವೆ.

ಈವರೆಗೆ ಚಿತ್ರ, ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಚಿತ್ರ), ಮಾಕಪ್ (ವಿನ್ಯಾಸ ಕೊನೆಗೆ ಹೇಗೆ ಕಾಣುತ್ತದೆಂದು ತೋರಿಸುವ ಮಾದರಿ), ಫಾಂಟ್ ಯಾವುದು ಬೇಕಾದರೂ ಆಯಾ ಕೆಲಸದ ಮಟ್ಟಿಗೆ ಒಂದೊಂದನ್ನೇ ಕೊಳ್ಳುತ್ತಿದ್ದೆವು, ಸಾಧ್ಯವಾದ ಕಡೆ ಉಚಿತ ತಾಣಗಳಿಂದ ಪಡೆಯುತ್ತಿದ್ದೆವು. ಈಗ ನನ್ನ ಪಾಲುದಾರರು ಇಂಥ ಸಾಮಗ್ರಿ ಒದಗಿಸುವ ಎನ್ವಾಟೊ, ಫ್ರೀಪಿಕ್, ಅಡೋಬಿ ಸ್ಟಾಕ್ ತಾಣಗಳಲ್ಲಿ ಯಾವುದಾದರೊಂದಕ್ಕೆ ವರ್ಷದ ಚಂದಾ ಕಟ್ಟಿಬಿಡೋಣ, ಪ್ರತಿ ಸಲವೂ ಕೊಳ್ಳಬೇಕೋ ಬೇಡವೋ ಎಂದು ಲೆಕ್ಕ ಹಾಕುವ ತಲೆನೋವು ತಪ್ಪುತ್ತದೆ ಎನ್ನುತ್ತಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಚಂದಾ ನಿಲ್ಲಿಸಿದ ಮರುದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೇ ನನಗೆ ಸ್ಪಷ್ಟವಾಗುತ್ತಿಲ್ಲ. ಮಸಾಲೆಯ ಪೊಟ್ಟಣವೊಂದು ಒಮ್ಮೆ ಮಾರುಕಟ್ಟೆಗೆ ಹೋದರೆ ಐದಾರು ವರ್ಷ ಅದೇ ವಿನ್ಯಾಸದಲ್ಲಿ ಅಚ್ಚಾಗುತ್ತಿರುತ್ತದೆ. ಅಷ್ಟು ಕಾಲವೂ ನಾವು ಚಂದಾ ಕಟ್ಟುತ್ತಲೇ ಇರಬೇಕೇ? ಕನ್ನಡದ ಕೆಲಸಕ್ಕೆ ಈ ಭಂಡಾರಗಳಿಂದ ನಿಜವಾಗಿ ಎಷ್ಟು ಉಪಯೋಗವಾಗುತ್ತದೆ ಎಂಬುದನ್ನೂ ಬಳಸಿದವರಿಂದಲೇ ಕೇಳಬೇಕೆನಿಸಿತು.

ಟೆಲಿಗ್ರಾಂ ಗುಂಪುಗಳಲ್ಲೂ ಪೆನ್‌ಡ್ರೈವ್‌ಗಳಲ್ಲೂ ಸಿಗುವ ಪಿಎಸ್‌ಡಿ, ಸಿಡಿಆರ್ ವಿನ್ಯಾಸ ಫೈಲುಗಳ ಅನಧಿಕೃತ ಮೂಟೆಯನ್ನು ದಯವಿಟ್ಟು ಯಾರೂ ಸೂಚಿಸಬೇಡಿ. ಆ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಲೆಕ್ಕದಪುಸ್ತಕ, ದಾವಣಗೆರೆ

ಮೊದಲು ದುಡ್ಡಿನ ಲೆಕ್ಕವನ್ನು ಮುಗಿಸಿಬಿಡೋಣ, ಏಕೆಂದರೆ ಅದು ಇಡೀ ವಿಷಯದಲ್ಲಿ ಅತಿ ಸುಲಭದ ಭಾಗ. ಚಂದಾ ತಿಂಗಳಿಗೆ ₹1,500 ಎಂದಿಟ್ಟುಕೊಂಡರೆ ವರ್ಷಕ್ಕೆ ₹18,000 ಆಗುತ್ತದೆ. ಬಿಡಿಯಾಗಿ ಕೊಳ್ಳುವ ಫೈಲಿಗೆ ಸರಾಸರಿ ₹400 ಬೀಳುತ್ತದೆ ಎಂದು ಹಿಡಿದರೆ 45 ಫೈಲುಗಳಿಗೆ ಎರಡೂ ಸಮನಾಗುತ್ತವೆ. ಆದರೆ ಈ 45 ಎಂಬುದು ಡೌನ್‌ಲೋಡ್ ಮಾಡಿದವುಗಳ ಸಂಖ್ಯೆಯಾಗಬಾರದು. ಗ್ರಾಹಕರು ಒಪ್ಪಿ, ಅಚ್ಚಿಗೆ ಹೋಗಿ, ಬಿಲ್ಲಾದ ಕೆಲಸಗಳಲ್ಲಿ ಬಳಕೆಯಾದ ಫೈಲುಗಳ ಸಂಖ್ಯೆಯಾಗಬೇಕು. ಚಂದಾ ಇದ್ದಾಗ ಒಂದು ಕರಪತ್ರಕ್ಕೆ ಹತ್ತು ಹಿನ್ನೆಲೆಗಳನ್ನು ಇಳಿಸಿಕೊಂಡು ಒಂದನ್ನು ಬಳಸುತ್ತೇವೆ, ಉಳಿದ ಒಂಬತ್ತು ಲಾಭವೆಂದು ಭಾವಿಸುತ್ತೇವೆ. ಕಳೆದ ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಎಣಿಸಿ ನೋಡಿದರೆ ನಿಮ್ಮ ಅಂಗಡಿ ಯಾವ ಕಡೆಗೆ ಬೀಳುತ್ತದೆಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇನ್ನು ತೆರಿಗೆ. ವಿದೇಶದಿಂದ ಬರುವ ಡಿಜಿಟಲ್ ಸೇವೆಯ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ ಸೇವೆ ಕೊಡುವವರೇ ಅದನ್ನು ಬೆಲೆಗೆ ಸೇರಿಸಿ ವಸೂಲು ಮಾಡುತ್ತಾರೆ. ನೋಂದಾಯಿತರಾಗಿದ್ದು ನಿಮ್ಮ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸಿದರೆ ರಿವರ್ಸ್ ಚಾರ್ಜ್ ಪ್ರಕಾರ ನೀವೇ ಕಟ್ಟಿ, ಹೂಡುವಳಿ ತೆರಿಗೆಯ ಜಮೆ (ಕಟ್ಟಿದ್ದನ್ನು ನೀವು ಕೊಡಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯಬಹುದು. ಆದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಜಮೆ ಸಿಗುವುದಿಲ್ಲ, ಪೂರ್ತಿ ತೆರಿಗೆ ಖರ್ಚಾಗಿಯೇ ಹೋಗುತ್ತದೆ. ಡಾಲರ್‌ನಲ್ಲಿ ಬಿಲ್ಲಾದರೆ ಕಾರ್ಡಿನ ಬ್ಯಾಂಕು ವಿದೇಶಿ ವಿನಿಮಯ ಶುಲ್ಕವನ್ನೂ ಸೇರಿಸುತ್ತದೆ. ಬಿಡಿ ಖರೀದಿಗೂ ಇವೆಲ್ಲ ಅನ್ವಯಿಸುತ್ತವೆಯಾದರೂ, ಚಂದಾದಲ್ಲಿ ಕೆಲಸವಿಲ್ಲದ ತಿಂಗಳಲ್ಲೂ ಇದನ್ನು ಕಟ್ಟುತ್ತೇವೆ ಎಂಬುದು ವ್ಯತ್ಯಾಸ. ನಿಮ್ಮ ಊರಿನಲ್ಲಿ ಆಷಾಢದಲ್ಲಿ ಎಷ್ಟು ಲಗ್ನಪತ್ರಿಕೆ ಅಚ್ಚಾಗುತ್ತವೆ ಎಂಬುದನ್ನು ನಾನು ಹೇಳಬೇಕಿಲ್ಲ.

ಕೊನೆಯದಾಗಿ ಪಾವತಿ ಮತ್ತು ರದ್ದತಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಮೊದಲೇ ಕೊಡುವ ಒಪ್ಪಿಗೆ) ನಿಯಮ ಜಾರಿಗೆ ಬಂದಾಗ ಅನೇಕ ವಿದೇಶಿ ಸೇವೆಗಳ ತಿಂಗಳ ಕಂತು ಭಾರತದ ಕಾರ್ಡುಗಳಿಂದ ತಾನಾಗಿ ಕಡಿತವಾಗುವುದು ನಿಂತುಹೋಯಿತು. ಹೆಚ್ಚುವರಿ ದೃಢೀಕರಣವಿಲ್ಲದೆ ಕಡಿತವಾಗಬಹುದಾದ ಮೊತ್ತದ ಮಿತಿ ಮೊದಲು ₹5,000 ಇತ್ತು, 2022ರ ಜೂನ್‌ನಲ್ಲಿ ₹15,000 ಆಯಿತು. ವರ್ಷದ ಚಂದಾವನ್ನು ಒಂದೇ ಗಂಟಿನಲ್ಲಿ ಕಟ್ಟುವುದಾದರೆ ಮೊತ್ತ ಈ ಮಿತಿಯನ್ನು ದಾಟಬಹುದು, ಆಗ ನವೀಕರಣದ ದಿನ ಒಟಿಪಿ ಕೊಡಲು ನೀವು ಎಚ್ಚರವಾಗಿರಬೇಕು. ರದ್ದತಿಯ ಷರತ್ತನ್ನಂತೂ ಕಟ್ಟುವ ಮೊದಲೇ ಓದಬೇಕು. ಅಡೋಬಿಯ "ವಾರ್ಷಿಕ ಒಪ್ಪಂದ, ಮಾಸಿಕ ಪಾವತಿ" ಯೋಜನೆಯಲ್ಲಿ ನಡುವೆ ಬಿಟ್ಟರೆ ಉಳಿದ ಮೊತ್ತದ ಅರ್ಧವನ್ನು ಶುಲ್ಕವಾಗಿ ಕೇಳುವುದನ್ನು ಗ್ರಾಹಕರಿಂದ ಮರೆಮಾಚಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿದ್ದನ್ನು ಹಲವರು ಓದಿರಬಹುದು.

ಪುಟವಿನ್ಯಾಸ, ಮೈಸೂರು

ಲೆಕ್ಕದಪುಸ್ತಕದವರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆ ಕೇಳಿದವರ ನಿಜವಾದ ಅಳುಕು ಹಣದ್ದಲ್ಲ, ಹಕ್ಕಿನದು. ಚಂದಾ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬಗೆಯ ವ್ಯವಹಾರಗಳು ನಡೆಯುತ್ತಿವೆ, ಅವುಗಳನ್ನು ಬೇರ್ಪಡಿಸದೆ ಉತ್ತರ ಕೊಡಲಾಗದು.

ಅಡೋಬಿ ಸ್ಟಾಕ್, ಶಟರ್‌ಸ್ಟಾಕ್ ಇಂಥವುಗಳಲ್ಲಿ ತಿಂಗಳಿಗೆ ಇಷ್ಟು ಚಿತ್ರ ಎಂಬ ಮಿತಿ ಇರುತ್ತದೆ. ಆ ಮಿತಿಯೊಳಗೆ ನೀವು ಲೈಸೆನ್ಸ್ ಪಡೆದ ಚಿತ್ರದ ಹಕ್ಕು ಚಂದಾ ನಿಂತ ಮೇಲೂ ನಿಮ್ಮ ಬಳಿಯೇ ಉಳಿಯುತ್ತದೆ, ಅದನ್ನು ಮುಂದಿನ ಕೆಲಸಗಳಲ್ಲೂ ಬಳಸಬಹುದು. ನನ್ನ ದೃಷ್ಟಿಯಲ್ಲಿ ಇದು ಚಂದಾ ಅಲ್ಲ, ಸಗಟು ಖರೀದಿ. ಎರಡನೆಯದು 2016ರಲ್ಲಿ ಎನ್ವಾಟೊ ಆರಂಭಿಸಿದ ಎಲಿಮೆಂಟ್ಸ್ ರೀತಿಯದು: ಡೌನ್‌ಲೋಡ್‌ಗೆ ಮಿತಿ ಇಲ್ಲ, ಆದರೆ ಹಕ್ಕು ನಿರ್ದಿಷ್ಟ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಚಂದಾ ಚಾಲ್ತಿಯಲ್ಲಿದ್ದಾಗ ಮುಗಿಸಿದ ಕೆಲಸ ಮುಂದೆಯೂ ಸುರಕ್ಷಿತ. ಚಂದಾ ನಿಂತ ಮೇಲೆ ಅದೇ ಫೈಲು ನಿಮ್ಮ ಹಾರ್ಡ್ ಡಿಸ್ಕಿನಲ್ಲಿದ್ದರೂ ಹೊಸ ಕೆಲಸಕ್ಕೆ ಬಳಸುವಂತಿಲ್ಲ. ಮೂರನೆಯದು ಅಡೋಬಿ ಫಾಂಟ್ಸ್ ಮಾದರಿ. ಇಲ್ಲಿ ಚಂದಾ ನಿಂತ ಕೂಡಲೇ ಫಾಂಟುಗಳೇ ನಿಷ್ಕ್ರಿಯವಾಗುತ್ತವೆ. ಅದಾಗಲೇ ಮಾಡಿಟ್ಟ ಪಿಡಿಎಫ್‌ಗೆ ಬಾಧೆಯಿಲ್ಲ, ಆದರೆ ಮೂಲ ಕಡತವನ್ನು ತೆರೆದು ಒಂದು ದೂರವಾಣಿ ಸಂಖ್ಯೆ ಬದಲಾಯಿಸಬೇಕಾದರೂ ಅಕ್ಷರ ಇರುವುದಿಲ್ಲ.

ಹೀಗಾಗಿ ನಿಮ್ಮ ಮಸಾಲೆ ಪೊಟ್ಟಣದ ಉತ್ತರ: ಎರಡನೆಯ ಬಗೆಯ ಚಂದಾದಲ್ಲಿ ಮುಗಿಸಿದ ಪೊಟ್ಟಣ ಅದೇ ರೂಪದಲ್ಲಿ ಮರುಮುದ್ರಣವಾಗುತ್ತಿದ್ದರೆ ಚಂದಾ ಮುಂದುವರಿಸಬೇಕಾಗಿಲ್ಲ. ಆದರೆ ಮುಂದಿನ ವರ್ಷ ಅದೇ ತಯಾರಕರು ರಸಂ ಪುಡಿಗೂ ಅದೇ ಬಳ್ಳಿಯ ಅಂಚನ್ನು ಬಳಸಿ ಹೊಸ ಪೊಟ್ಟಣ ಮಾಡಿಕೊಡಿ ಎಂದರೆ ಅದು ಹೊಸ ಕೆಲಸ. ಪೊಟ್ಟಣದ ಕೆಲಸದಲ್ಲಿ ಇದು ಬಂದೇ ಬರುತ್ತದೆ. ಆದ್ದರಿಂದ ಒಂದು ಉತ್ಪನ್ನದ ಗುರುತಾಗಿ ನಿಲ್ಲುವ ಅಂಶ ಯಾವುದೇ ಇರಲಿ, ಅದನ್ನು ಬಿಡಿಯಾಗಿಯೇ ಕೊಳ್ಳಬೇಕು, ಸಾಧ್ಯವಾದರೆ ಗ್ರಾಹಕರ ಹೆಸರಿನಲ್ಲೇ ಕೊಳ್ಳಿಸಬೇಕು.

ಪ್ರತಿಗಳ ಸಂಖ್ಯೆಯನ್ನೂ ಗಮನಿಸಿ. ಅಡೋಬಿ ಸ್ಟಾಕ್, ಶಟರ್‌ಸ್ಟಾಕ್, ಐಸ್ಟಾಕ್ ಮೂರರ ಸಾಮಾನ್ಯ ಲೈಸೆನ್ಸಿನಲ್ಲೂ ಮುದ್ರಿತ ಪ್ರತಿಗಳಿಗೆ 5,00,000 ಮಿತಿ ಇದೆ. ಲಗ್ನಪತ್ರಿಕೆ, ವರದಿಗಳಲ್ಲಿ ಇದು ಕನಸಿನಲ್ಲೂ ಮುಟ್ಟದ ಸಂಖ್ಯೆ. ಆದರೆ ನಮ್ಮ ಮೈಸೂರಿನ ಊದುಬತ್ತಿ ಪೊಟ್ಟಣಗಳ ಕೆಲಸ ಮಾಡಿದವರಿಗೆ ಐದು ಲಕ್ಷ ಎಂಬುದು ದೊಡ್ಡ ಸಂಖ್ಯೆ ಅಲ್ಲವೆಂದು ಗೊತ್ತು. ಮಸಾಲೆಯ ಸಣ್ಣ ಸ್ಯಾಶೆಗಳಿಗೂ ಅದೇ ಮಾತು. ಹಾಗೆಯೇ ಸಹಕಾರ ಸಂಘ ಸದಸ್ಯರಿಗೆ ಉಚಿತವಾಗಿ ಹಂಚುವ ಕ್ಯಾಲೆಂಡರಿಗೆ ಸಾಮಾನ್ಯ ಲೈಸೆನ್ಸ್ ಸಾಕೇ ಎಂಬುದು ತಾಣದಿಂದ ತಾಣಕ್ಕೆ ಬೇರೆಯಾಗುತ್ತದೆ, ಷರತ್ತನ್ನು ಓದಿ ನೋಡಬೇಕು. ಅದೇ ಚಿತ್ರವನ್ನು ಹಾಕಿದ ಕ್ಯಾಲೆಂಡರನ್ನು ಅಂಗಡಿಯಲ್ಲಿ ಬೆಲೆಗೆ ಮಾರುವುದಾದರೆ ವಿಸ್ತೃತ ಲೈಸೆನ್ಸ್ ಬೇಕಾಗುತ್ತದೆ, ಏಕೆಂದರೆ ಅಲ್ಲಿ ಚಿತ್ರವೇ ಸರಕು. ಲೋಗೊ ವಿಷಯದಲ್ಲಂತೂ ಚಂದಾ, ಬಿಡಿ ಎಂಬ ಭೇದವೇ ಇಲ್ಲ. ಸ್ಟಾಕ್ ಭಂಡಾರದಿಂದ ತಂದ ಚಿತ್ರವನ್ನು ಟ್ರೇಡ್‌ಮಾರ್ಕ್ ಆಗಿ ಬಳಸಲು ಈ ತಾಣಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅಚ್ಚಿನಮನೆ, ಹುಬ್ಬಳ್ಳಿ

ಈ ಮೂರು ಬಗೆಯ ವಿಂಗಡಣೆ ನನಗೆ ಹೊಸದು, ಧನ್ಯವಾದಗಳು. ಊದುಬತ್ತಿಯ ಮಾತು ಓದಿ ನಮ್ಮ ಮಸಾಲೆಯವರ ಸ್ಯಾಶೆ ಎಷ್ಟು ಅಚ್ಚಾಗುತ್ತದೆಂದು ವಿಚಾರಿಸಿದೆ. ಮೂರು ತಿಂಗಳಿಗೊಮ್ಮೆ ಒಂದೂವರೆ ಲಕ್ಷವಂತೆ! ಅಂದರೆ ಮಿತಿ ದಾಟಲು ಒಂದು ವರ್ಷವೂ ಬೇಕಾಗಿಲ್ಲ. ಫಾಂಟು ಮತ್ತು ಟೆಂಪ್ಲೇಟುಗಳ ಬಗ್ಗೆ ಯಾರಾದರೂ ವಿವರವಾಗಿ ಹೇಳಬಹುದೇ?

ಒತ್ತಕ್ಷರ, ಬೆಂಗಳೂರು

ನಾನು ಮುಖ್ಯವಾಗಿ ಕನ್ನಡದ ಪುಸ್ತಕ ಮತ್ತು ನಿಯತಕಾಲಿಕೆಗಳ ಪುಟ ಕಟ್ಟುವವನು, ಆದ್ದರಿಂದ ಕನ್ನಡದ ಕಣ್ಣಿನಿಂದಲೇ ನೋಡುತ್ತೇನೆ.

ಟೆಂಪ್ಲೇಟುಗಳಿಂದ ಆರಂಭಿಸೋಣ. ಚಂದಾ ಭಂಡಾರಗಳು ಲಕ್ಷಾಂತರ ಸಾಮಗ್ರಿ ಎಂದು ಹೇಳಿಕೊಳ್ಳುವಾಗ ಅದರಲ್ಲಿ ದೊಡ್ಡ ಪಾಲು ಕರಪತ್ರ, ಪೋಸ್ಟರ್, ವರದಿ, ಪೋಸ್ಟುಗಳ ಸಿದ್ಧ ಟೆಂಪ್ಲೇಟುಗಳದ್ದೇ. ಅವೆಲ್ಲ ರೋಮನ್ ಲಿಪಿಗಾಗಿ ಹೊಸೆದವು. ದಪ್ಪನೆಯ ದೊಡ್ಡಕ್ಷರಗಳ ಶೀರ್ಷಿಕೆ ಎರಡು ಸಾಲಿನಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಕೂತಿರುತ್ತದೆ, ಇಂಗ್ಲಿಷಿನಲ್ಲಿ ಅದು ಗಟ್ಟಿಯಾಗಿ ಕಾಣುತ್ತದೆ. ಅದೇ ಜಾಗಕ್ಕೆ "ಶ್ರೀ ಲಕ್ಷ್ಮೀ ವಸ್ತ್ರಾಲಯ" ಎಂದು ಟೈಪ್ ಮಾಡಿ ನೋಡಿ. ಕ್ಷ್ಮೀ ಮತ್ತು ಸ್ತ್ರಾ ಎರಡರ ಒತ್ತುಗಳೂ ಕೆಳಗಿನ ಸಾಲಿನ ಗುಣಿತದ ಮೇಲೆ ಇಳಿದು ಕೂರುತ್ತವೆ. ಸಾಲಿನ ಅಂತರ ಹೆಚ್ಚಿಸಿದರೆ ಕೆಳಗಿನ ಚಿತ್ರ ಜರುಗುತ್ತದೆ, ಅಕ್ಷರ ಚಿಕ್ಕದು ಮಾಡಿದರೆ ಶೀರ್ಷಿಕೆಯ ತೂಕವೇ ಹೋಗುತ್ತದೆ. ಅಕ್ಷರಗಳ ನಡುವೆ ಅಂತರ ಬಿಟ್ಟು ಹರಡುವ ಶೈಲಿಯಂತೂ ಕನ್ನಡಕ್ಕೆ ಒಗ್ಗುವುದೇ ಇಲ್ಲ. ಕೊನೆಗೆ ಆ ಟೆಂಪ್ಲೇಟಿನಲ್ಲಿ ನಮಗೆ ದಕ್ಕುವುದು ಹಿನ್ನೆಲೆಯ ಬಣ್ಣ ಮತ್ತು ಒಂದೆರಡು ಆಕಾರಗಳು ಮಾತ್ರ. ಜಾಹೀರಾತಿನಲ್ಲಿ ತೋರಿಸುವ ಸಂಖ್ಯೆಯನ್ನು ನಂಬಿ ಚಂದಾ ಕಟ್ಟುವ ಕನ್ನಡದ ವಿನ್ಯಾಸಕರು ಈ ಕಡಿತವನ್ನು ಮೊದಲೇ ಹಾಕಿಕೊಳ್ಳಬೇಕು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನ ಟೆಂಪ್ಲೇಟುಗಳಲ್ಲಿ ಇನ್ನೊಂದು ತೊಡಕಿದೆ: ಪ್ಯಾರಾಗ್ರಾಫ್ ಶೈಲಿಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆರಿಸಿರದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ, ಪ್ರತಿ ಶೈಲಿಯನ್ನೂ ತೆರೆದು ಬದಲಾಯಿಸಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಸ್ವಂತದ ಟೆಂಪ್ಲೇಟನ್ನೇ ಕಟ್ಟಬಹುದು, ಅದು ಯಾವ ಚಂದಾಕ್ಕೂ ಬದ್ಧವಾಗಿರುವುದಿಲ್ಲ.

ಫಾಂಟುಗಳ ಸ್ಥಿತಿ ಇದಕ್ಕೆ ತದ್ವಿರುದ್ಧ, ಅಲ್ಲಿ ಕನ್ನಡದವರ ಅದೃಷ್ಟ ಚೆನ್ನಾಗಿದೆ. ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ತೀರೊ ಕನ್ನಡ, ಬಾಲೂ ತಮ್ಮ, ಮುಂಬೈನ ಏಕ್ ಟೈಪ್ ತಂಡ 2022ರಲ್ಲಿ ಹೊರತಂದ ಅನೇಕ್ ಕನ್ನಡ, ಇವೆಲ್ಲ ಮುಕ್ತ ಫಾಂಟ್ ಲೈಸೆನ್ಸಿನಡಿ ಇವೆ. ಮುದ್ರಣ, ವೆಬ್, ಆ್ಯಪ್, ಪೊಟ್ಟಣ ಎಲ್ಲದಕ್ಕೂ ಬಳಸಬಹುದು, ಗ್ರಾಹಕರಿಗೂ ಮುದ್ರಣಾಲಯಕ್ಕೂ ಫಾಂಟ್ ಫೈಲನ್ನೇ ಕಳಿಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೆ. ಅನೇಕ್ ಒಂದರಲ್ಲೇ ತೆಳುವಿನಿಂದ ಅತಿ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ರೂಪಗಳಿವೆ, ಇಡೀ ವರ್ಷದ ಜಾಹೀರಾತು ಕೆಲಸವನ್ನು ಅದರಿಂದಲೇ ತೂಗಿಸಬಹುದು. ಆದ್ದರಿಂದ ಫಾಂಟಿಗಾಗಿ ಚಂದಾ ಕಟ್ಟುವುದು ನಿಮ್ಮಂಥ ಅಂಗಡಿಗೆ ಅನಗತ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಪತ್ರಿಕೆಗೋ ಸಂಸ್ಥೆಗೋ ವಿಶಿಷ್ಟವಾದ ಅಕ್ಷರರೂಪ ಬೇಕೆಂದಾಗ ಹಣ ಕೊಟ್ಟು ಕೊಳ್ಳಿ, ಆಗ ಡೆಸ್ಕ್‌ಟಾಪ್, ವೆಬ್, ಆ್ಯಪ್ ಇವುಗಳಿಗೆ ಬೇರೆ ಬೇರೆ ಲೈಸೆನ್ಸ್ ಇರುತ್ತದೆಂಬುದನ್ನು ಮರೆಯಬೇಡಿ.

ಪಟದಅಂಚು, ಶಿವಮೊಗ್ಗ

ಬಿಡಿಯಾಗಿ ಕೊಂಡದ್ದು ಶಾಶ್ವತ ಎಂಬ ನಂಬಿಕೆ ಇಲ್ಲಿ ಎಲ್ಲರ ಮಾತಿನಡಿಯಲ್ಲೂ ಇರುವಂತೆ ಕಾಣುತ್ತದೆ. ಡಿಟಿಪಿಯಲ್ಲಿ ಬಹುಕಾಲ ಕಳೆದ ನನಗೆ ಅಷ್ಟು ಭರವಸೆ ಇಲ್ಲ. ಒಂದು ಕಾಲದಲ್ಲಿ ಕನ್ನಡದ ಅಕ್ಷರ ತಂತ್ರಾಂಶಗಳನ್ನು ಹಾರ್ಡ್‌ವೇರ್ ಲಾಕ್ ಸಮೇತ ದುಬಾರಿ ಬೆಲೆಗೆ ಕೊಳ್ಳುತ್ತಿದ್ದೆವು. ಹೊಸ ಗಣಕದಲ್ಲಿ ಆ ಲಾಕ್ ಸಿಕ್ಕಿಸುವ ಪೋರ್ಟೇ ಇಲ್ಲದೆ ಹೋದಾಗ ಕೊಂಡ ಫಾಂಟುಗಳೆಲ್ಲ ಹಳೆಯ ಯಂತ್ರದಲ್ಲೇ ಉಳಿದವು. ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ, 2001ರಲ್ಲಿ ಬಂದ 7ನೆಯ ಆವೃತ್ತಿಯ ನಂತರ ಆ ತಂತ್ರಾಂಶಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ. ಅದರಲ್ಲಿ ನುಡಿ, ಶ್ರೀಲಿಪಿ ಮುಂತಾದ ಹಳೆಯ ಸಂಕೇತಗಳಲ್ಲಿ ಕಟ್ಟಿದ ಪುಟಗಳನ್ನು ಇಂದು ತೆರೆಯಬೇಕಾದರೆ ಮೂಲೆಯಲ್ಲಿ ಒಂದು ಹಳೆಯ ವಿಂಡೋಸ್ ಯಂತ್ರವನ್ನು ಸಾಕಬೇಕು. 2023ರ ಜನವರಿಯಲ್ಲಿ ಅಡೋಬಿ ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳ ಬೆಂಬಲವನ್ನು ನಿಲ್ಲಿಸಿದಾಗ, ಹಿಂದೆ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರ ಫಾಂಟುಗಳೂ ಹೊಸ ಆವೃತ್ತಿಗಳಲ್ಲಿ ಕಾಣದಾದವು. ಲೈಸೆನ್ಸ್ ಉಳಿಯಿತು, ಉಪಯೋಗ ಹೋಯಿತು.

ಹಾಗೆಂದು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಂಡ ಫೈಲನ್ನು ತಾಣದ ಖಾತೆಯಲ್ಲೇ ಬಿಟ್ಟು, ಬೇಕಾದಾಗ ಇಳಿಸಿಕೊಳ್ಳೋಣ ಎಂದು ಕೂರಬಾರದು. ಮಾರಿದ ಕಲಾವಿದರು ಆ ತಾಣವನ್ನು ಬಿಟ್ಟರೆ ಫೈಲೂ ಹೋಗಬಹುದು. ತಾಣಗಳ ಒಡೆತನವೂ ಬದಲಾಗುತ್ತಲೇ ಇದೆ: 2006ರಲ್ಲಿ ಐಸ್ಟಾಕ್‌ಫೋಟೋವನ್ನು ಗೆಟ್ಟಿ ಇಮೇಜಸ್ ಕೊಂಡಿತು, 2021ರಲ್ಲಿ ಅನ್‌ಸ್ಪ್ಲಾಶನ್ನೂ ಅದೇ ಕೊಂಡಿತು, 2024ರಲ್ಲಿ ಎನ್ವಾಟೊವನ್ನು ಶಟರ್‌ಸ್ಟಾಕ್ ಕೊಂಡಿತು, 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ವಿಲೀನವಾಗುವುದಾಗಿ ಪ್ರಕಟಿಸಿದವು. ಆದ್ದರಿಂದ ಫೈಲು, ರಸೀದಿ, ಆ ದಿನದ ಲೈಸೆನ್ಸ್ ಪುಟದ ಪಿಡಿಎಫ್ ಮೂರನ್ನೂ ಕೆಲಸದ ಫೋಲ್ಡರಿನಲ್ಲೇ ಇಡುವ ಪದ್ಧತಿ ಬೇಕು. ಚಂದಾದಾರರಿಗೂ ಇದೇ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಹಬ್ಬದಪೋಸ್ಟು, ಮಂಗಳೂರು

ಹಿರಿಯರ ಮಾತುಗಳನ್ನು ಗೌರವದಿಂದಲೇ ಓದಿದೆ, ಆದರೆ ಇವೆಲ್ಲ ಕಾಗದದ ಮೇಲಿನ ಕೆಲಸ ಮಾಡುವವರ ಅನುಭವ. ನಾನು ಚಿನ್ನದಂಗಡಿ, ಆಸ್ಪತ್ರೆ, ಐಸ್‌ಕ್ರೀಂ ಮಳಿಗೆಗಳಂಥ ಗ್ರಾಹಕರ ಸಾಮಾಜಿಕ ಜಾಲತಾಣದ ಪೋಸ್ಟುಗಳನ್ನು ಮಾಡುತ್ತೇನೆ. ಒಬ್ಬೊಬ್ಬ ಗ್ರಾಹಕರಿಗೂ ವಾರಕ್ಕೆ ಮೂರು ನಾಲ್ಕು ಪೋಸ್ಟು, ಮೇಲೆ ಒಂದು ರೀಲ್. ಒಂದು ಪೋಸ್ಟಿನ ಆಯುಷ್ಯ ಎರಡು ದಿನ. ಮೂರನೆಯ ದಿನ ಅದನ್ನು ಗ್ರಾಹಕರೂ ನೋಡುವುದಿಲ್ಲ. ಅಂಥ ಕೆಲಸಕ್ಕೆ ಒಂದೊಂದು ಹಿನ್ನೆಲೆಗೂ ಬಿಡಿಯಾಗಿ ಹಣ ಕೊಡುತ್ತ ಕೂತರೆ ಅಂಗಡಿ ಮುಚ್ಚಬೇಕಾಗುತ್ತದೆ. ರೀಲಿಗೆ ಬೇಕಾದ ಸಂಗೀತವೂ ಅದೇ ಚಂದಾದಲ್ಲಿ ಬರುತ್ತದೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವ್ಯಾಪಾರಿ ಖಾತೆಯಲ್ಲಿ ಸಿನಿಮಾ ಹಾಡು ಹಾಕಿ ಧ್ವನಿ ಕತ್ತರಿಸಿಕೊಂಡವರನ್ನು ಕೇಳಿ ನೋಡಿ.

ಒಂದು ಮಾತನ್ನು ಮಾತ್ರ ಒತ್ತಕ್ಷರದವರ ಜೊತೆ ಸೇರಿಸುತ್ತೇನೆ. ಸಂಕ್ರಾಂತಿಗೆಂದು ಈ ಭಂಡಾರಗಳಲ್ಲಿ ಹುಡುಕಿದರೆ ಉಕ್ಕುವ ಪೊಂಗಲ್ ಮಡಕೆ, ಇಲ್ಲವೇ ಗಾಳಿಪಟ ಇವೆರಡೇ ಪುಟಗಟ್ಟಲೆ ಬರುತ್ತವೆ. ಎಳ್ಳು-ಬೆಲ್ಲದ ತಟ್ಟೆ, ಸಕ್ಕರೆ ಅಚ್ಚು, ಕಿಚ್ಚು ಹಾಯಿಸುವ ಎತ್ತು ಸಿಗುವುದು ಅಪರೂಪ. ನಾವು ಡಿಸೆಂಬರಿನಲ್ಲೇ ಮನೆಯಲ್ಲಿ ತಟ್ಟೆ ಜೋಡಿಸಿ ಫೋಟೊ ತೆಗೆದಿಟ್ಟುಕೊಳ್ಳುತ್ತೇವೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸುವ ಸೌಲಭ್ಯವೂ ಈಗ ಹಲವು ಚಂದಾಗಳಲ್ಲಿ ಸೇರಿದೆ, ಹಿನ್ನೆಲೆಗಳಿಗೆ ಪರವಾಗಿಲ್ಲ, ಸಕ್ಕರೆ ಅಚ್ಚು ಕೇಳಿದರೆ ಬಿಳಿ ಸೋಪು ಬರುತ್ತದೆ.

ಪುಟವಿನ್ಯಾಸ, ಮೈಸೂರು

ಹಬ್ಬದಪೋಸ್ಟಿನವರ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಳಸಿ ಮುಗಿಯುವ ಕೆಲಸಕ್ಕೆ ಚಂದಾ ಹೇಳಿ ಮಾಡಿಸಿದ್ದು. ಆದರೆ ಹಂಚಿಕೆ ಖಾತೆಗಳ ಬಗ್ಗೆ ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ತಿಂಗಳಿಗೆ ₹200-300 ಕೊಟ್ಟರೆ ಎಲ್ಲ ಭಂಡಾರಗಳ ಪ್ರವೇಶ ಕೊಡುತ್ತೇವೆ ಎನ್ನುವವರು ಬಹಳ ಜನರಿದ್ದಾರೆ. ಅಲ್ಲಿಂದ ಇಳಿಸಿದ ಫೈಲಿನ ಲೈಸೆನ್ಸ್ ಯಾರದೋ ಅಪರಿಚಿತರ ಹೆಸರಿನಲ್ಲಿರುತ್ತದೆ. ನಾಳೆ ನಿಮ್ಮ ಗ್ರಾಹಕರಿಗೆ ಹಕ್ಕಿನ ಬಗ್ಗೆ ನೋಟಿಸು ಬಂದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಪೆನ್‌ಡ್ರೈವ್ ಮೂಟೆಗೂ ಇದಕ್ಕೂ ಕಾನೂನಿನ ದೃಷ್ಟಿಯಲ್ಲಿ ದೊಡ್ಡ ಅಂತರವಿಲ್ಲ.

ಕುಂಚ, ಕುಂದಾಪುರ

ಕೊಳ್ಳುವವರೆಲ್ಲ ಮಾತಾಡಿದ್ದಾಯಿತು, ಮಾರುವವಳಾಗಿ ನಾನೂ ಕೆಲವು ಮಾತು ಸೇರಿಸುತ್ತೇನೆ. ನಾನು ಕರಾವಳಿಯ ವಿಷಯಗಳ ಚಿತ್ರಗಳನ್ನು ಬರೆದು ಅಂತರರಾಷ್ಟ್ರೀಯ ತಾಣಗಳಿಗೆ ಏರಿಸುತ್ತೇನೆ. ಚಂದಾದಾರರು ಒಂದು ಚಿತ್ರ ಇಳಿಸಿಕೊಂಡಾಗ ನಮಗೆ ಸಿಗುವುದು ಬಿಡಿ ಖರೀದಿಯಲ್ಲಿ ಸಿಗುವುದಕ್ಕಿಂತ ಬಹಳ ಕಡಿಮೆ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ತಂದ ಪದ್ಧತಿಯಲ್ಲಿ ಕಲಾವಿದರ ಪಾಲು ಶೇ. 15ರಿಂದ ಶೇ. 40ರ ನಡುವೆ ಇದ್ದು, ಒಂದು ಡೌನ್‌ಲೋಡಿಗೆ ಕನಿಷ್ಠ 10 ಸೆಂಟ್ ಎಂದು ನಿಗದಿಯಾಯಿತು, ಪ್ರತಿ ಜನವರಿಗೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕಾಯಿತು. ಇದರ ಪರಿಣಾಮ ಕೊಳ್ಳುವವರ ಮೇಲೂ ಆಗುತ್ತದೆ. ಹತ್ತು ಸೆಂಟಿಗೆ ಯಾರೂ ಬಡಗುತಿಟ್ಟಿನ ಯಕ್ಷಗಾನದ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ನೋಡಿ ಬರೆಯುವುದಿಲ್ಲ. ಜಗತ್ತಿನ ಎಲ್ಲೆಡೆ ಮಾರಾಟವಾಗುವ ಹುಟ್ಟುಹಬ್ಬದ ಬಲೂನನ್ನೇ ಬರೆಯುತ್ತಾರೆ. ಈ ತಾಣಗಳಲ್ಲಿ ಯಕ್ಷಗಾನವೆಂದು ಹುಡುಕಿದಾಗ ಕಥಕ್ಕಳಿಯ ಮುಖಗಳು ನುಸುಳಿಕೊಂಡು ಬರುವುದಕ್ಕೂ, ಸಿಕ್ಕ ಒಂದೆರಡು ಯಕ್ಷಗಾನದ ಚಿತ್ರಗಳಲ್ಲಿ ತೆಂಕಿನ ಕಿರೀಟದ ಕೆಳಗೆ ಬಡಗಿನ ವೇಷ ಇರುವುದಕ್ಕೂ ಇದೂ ಒಂದು ಕಾರಣ.

ನಿಮ್ಮ ಪ್ರಶ್ನೆಯಲ್ಲಿ ಚಂದಾ ಮತ್ತು ಬಿಡಿ ಎಂಬ ಎರಡು ದಾರಿಗಳಷ್ಟೇ ಇದ್ದವು. ಇಳಕಲ್ ಸೀರೆಯ ಸೆರಗು, ಕಸೂತಿಯ ಗೋಪುರ, ಮಲೆನಾಡಿನ ಹಸೆ ಚಿತ್ತಾರ, ಚನ್ನಪಟ್ಟಣದ ಗೊಂಬೆ ಇಂಥವು ಬೇಕಾದಾಗ ಸ್ಥಳೀಯ ಕಲಾವಿದರಿಂದ ಬರೆಯಿಸುವುದೇ ಲೇಸು. ಒಮ್ಮೆ ಬರೆಯಿಸಿದ ಹತ್ತಿಪ್ಪತ್ತು ಅಂಚುಗಳು, ಮೂಲೆಗಳು, ಮಂಗಳವಾದ್ಯದವರ ರೇಖಾಚಿತ್ರಗಳು ಲಗ್ನಪತ್ರಿಕೆಗಳಲ್ಲಿ ವರ್ಷಗಟ್ಟಲೆ ದುಡಿಯುತ್ತವೆ. ಒಂದು ಚಂದಾದ ವರ್ಷದ ಹಣದಲ್ಲಿ ಇಷ್ಟನ್ನು ಬರೆದುಕೊಡುವ ಕಲಾವಿದರು ಧಾರವಾಡದ ಸುತ್ತಮುತ್ತಲೇ ಸಿಗುತ್ತಾರೆ.

ಆದರೆ ದಯವಿಟ್ಟು ಬಾಯಿಮಾತಿನಲ್ಲಿ ಮುಗಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸಲಾಗುತ್ತದೆ. 30ಎ ಕಲಮಿನ ಮೂಲಕ ಇದೇ ನಿಯಮಗಳು ಲೈಸೆನ್ಸಿಗೂ ಅನ್ವಯಿಸುತ್ತವೆ. ನಿಮ್ಮ ಮಸಾಲೆಯವರು ನಾಳೆ ದುಬೈಗೆ ಸರಕು ಕಳಿಸಿದರೆ ಪ್ರದೇಶದ ಪ್ರಶ್ನೆ ಏಳುತ್ತದೆ. ಯಾವ ಚಿತ್ರ, ಯಾವ ಯಾವ ಬಳಕೆಗೆ, ಎಷ್ಟು ಕಾಲ, ಯಾವ ದೇಶಗಳಲ್ಲಿ, ಎಷ್ಟು ಹಣ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ.

ಅಚ್ಚಿನಮನೆ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಪಾಲುದಾರರ ಜೊತೆ ಕೂತು ಕಳೆದ ವರ್ಷದ ಬಿಲ್ಲುಗಳನ್ನು ತೆರೆದು ನೋಡಿದೆವು. ಹಬ್ಬದ ಜಾಹೀರಾತು ಮತ್ತು ಪೋಸ್ಟುಗಳಿಗೆ ಬಳಸಿದ ಸಾಮಗ್ರಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ, ಅದೂ ಹೆಚ್ಚಾಗಿ ಶ್ರಾವಣದಿಂದ ದೀಪಾವಳಿಯವರೆಗೆ. ಆ ನಾಲ್ಕು ತಿಂಗಳಿಗೆ ಮಾತ್ರ ತಿಂಗಳ ಲೆಕ್ಕದ ಚಂದಾ ಕಟ್ಟಿ ನೋಡುವುದೆಂದು ತೀರ್ಮಾನಿಸಿದ್ದೇವೆ, ತಿಂಗಳ ದರ ತುಸು ಹೆಚ್ಚಾದರೂ ಚಿಂತೆಯಿಲ್ಲ. ಮಸಾಲೆ ಪೊಟ್ಟಣಕ್ಕೆ ಕಲಾವಿದರನ್ನು ಹುಡುಕುತ್ತಿದ್ದೇವೆ. ಕುಂಚ ಅವರೇ, ನಿಮಗೆ ಬಿಡುವಿದ್ದರೆ ಖಾಸಗಿ ಸಂದೇಶ ಕಳಿಸುತ್ತೇನೆ.

ಇನ್ನೊಂದು ಸಂದೇಹ. ಸಹಕಾರ ಸಂಘದವರು ವರದಿ ಮುಗಿದ ಮೇಲೆ "ಓಪನ್ ಫೈಲ್ ಕೊಟ್ಟುಬಿಡಿ" ಎಂದು, ಅಂದರೆ ತಿದ್ದಬಹುದಾದ ಮೂಲ ಕಡತವನ್ನೇ ಕೇಳುತ್ತಾರೆ. ಚಂದಾದಿಂದ ಬಂದ ಚಿತ್ರ, ಫಾಂಟು ಅದರೊಳಗಿದ್ದರೆ ಕೊಡಬಹುದೇ?

ಪುಟವಿನ್ಯಾಸ, ಮೈಸೂರು

ಮುಗಿದ ಕೃತಿಯನ್ನು, ಅಂದರೆ ಅಚ್ಚಿಗೆ ಹೋಗುವ ಪಿಡಿಎಫನ್ನು ಧಾರಾಳವಾಗಿ ಕೊಡಬಹುದು. ಓಪನ್ ಫೈಲಿನಲ್ಲಿ ಸ್ಟಾಕ್ ಚಿತ್ರ ಪ್ರತ್ಯೇಕ ಪದರವಾಗಿದ್ದರೆ, ಅದನ್ನು ಹೊರತೆಗೆದು ಬೇರೆ ಕೆಲಸಕ್ಕೆ ಬಳಸುವ ಹಕ್ಕು ಸಂಘಕ್ಕೆ ಬರುವುದಿಲ್ಲ, ಇದನ್ನು ಬರಹದಲ್ಲಿ ತಿಳಿಸಬೇಕು. ಕೊಂಡ ಫಾಂಟಿನ ಫೈಲನ್ನು ಜೊತೆಗೆ ಕಳಿಸುವಂತಿಲ್ಲ, ಅವರೇ ಲೈಸೆನ್ಸ್ ಪಡೆಯಬೇಕು. ಅಕ್ಷರಗಳನ್ನು ಕರ್ವ್ ಮಾಡಿ (ಬರಿಯ ಆಕಾರಗಳಾಗಿ ಮಾರ್ಪಡಿಸಿ) ಕೊಟ್ಟರೆ ಮುಂದಿನ ವರ್ಷ ಅವರು ತಿದ್ದಲಾರರು, ಮತ್ತೆ ನಿಮ್ಮ ಮೇಲೆಯೇ ಸಿಟ್ಟಾಗುತ್ತಾರೆ. ಆದ್ದರಿಂದ ಓಪನ್ ಫೈಲ್ ಕೇಳುವ ಅಭ್ಯಾಸವಿರುವ ಗ್ರಾಹಕರ ಕೆಲಸವನ್ನು ಆರಂಭದಿಂದಲೇ ಒತ್ತಕ್ಷರದವರು ಹೇಳಿದ ಮುಕ್ತ ಫಾಂಟುಗಳಲ್ಲಿ ಕಟ್ಟಿ, ಚಿತ್ರಗಳಿಗೆ ಸಂಘದ ಸ್ವಂತ ಸಮಾರಂಭಗಳ ಫೋಟೊಗಳನ್ನೇ ಬಳಸಿ. ಓಪನ್ ಫೈಲಿಗೆ ಪ್ರತ್ಯೇಕ ದರವನ್ನು ಕೊಟೇಶನ್ನಿನಲ್ಲೇ ನಮೂದಿಸಿ. ನಾನು ಹಾಗೆ ಮಾಡತೊಡಗಿದ ಮೇಲೆ ಕೇಳುವವರ ಸಂಖ್ಯೆ ತಾನಾಗಿಯೇ ಇಳಿದಿದೆ.